ಮೊದಲು ಮರಳಿಸಬೇಕು, ಆಮೇಲೆ ಟಗರು: ಇಸ್ರಾಯೇಲಿನ ಯಜ್ಞಗಳು ಮತ್ತು ಇಂದಿನ ಕ್ರೈಸ್ತ ಬದುಕು

ಬೈಬಲನ್ನು ಆದಿಕಾಂಡದಿಂದ ಕ್ರಮವಾಗಿ ಓದಲು ಹೊರಟವರು ಬಹುಮಟ್ಟಿಗೆ ನಿಂತುಬಿಡುವುದು ಯಾಜಕಕಾಂಡದ ಬಾಗಿಲಲ್ಲಿ. ಮೊದಲ ಏಳು ಅಧ್ಯಾಯಗಳ ತುಂಬ ಹೋರಿ, ಟಗರು, ಕೊಬ್ಬು, ಮೂತ್ರಪಿಂಡ, ರಕ್ತ, ಬೂದಿ. ‘ಇದೆಲ್ಲ ಯೇಸುವಿನಲ್ಲಿ ಮುಗಿಯಿತಲ್ಲ’ ಎಂದು ಪುಟ ಮಗುಚುತ್ತೇವೆ. ಮುಗಿದದ್ದು ನಿಜ, ಇಬ್ರಿಯರಿಗೆ ಬರೆದ ಪತ್ರಿಕೆ ಅದನ್ನು ಮತ್ತೆ ಮತ್ತೆ ಹೇಳುತ್ತದೆ. ಆದರೆ ಮುಗಿದದ್ದು ಯಾವುದು, ನಮ್ಮ ಮೇಲೆ ಉಳಿದದ್ದು ಯಾವುದು ಎಂದು ಹೇಳಬೇಕಾದರೆ ಅಲ್ಲಿ ನಿಜಕ್ಕೂ ಏನು ನಡೆಯುತ್ತಿತ್ತು ಎಂಬುದು ತಿಳಿದಿರಬೇಕು. ಈ ಉಪನ್ಯಾಸದ ಹೆಚ್ಚಿನ ಪಾಲು ಅದಕ್ಕೇ ಮೀಸಲು.

ಒಂದನೆಯ ಅಧ್ಯಾಯದ ಸರ್ವಾಂಗಹೋಮದಿಂದ ಶುರುಮಾಡೋಣ. ಒಬ್ಬ ರೈತ ಊನವಿಲ್ಲದ ಗಂಡು ಪಶುವನ್ನು ದೇವದರ್ಶನದ ಗುಡಾರದ (ದೇವಾಲಯ ಕಟ್ಟುವುದಕ್ಕೆ ಮುಂಚಿನ ಆರಾಧನಾಸ್ಥಳದ) ಬಾಗಿಲಿಗೆ ಹಿಡಿದು ತರುತ್ತಾನೆ. ಅದರ ತಲೆಯ ಮೇಲೆ ಕೈ ಊರುತ್ತಾನೆ. ಕೊಯ್ಯುವವನು ಅವನೇ, ಚರ್ಮ ಸುಲಿದು ತುಂಡುಮಾಡುವವನೂ ಅವನೇ. ಯಾಜಕನ ಕೆಲಸ ಶುರುವಾಗುವುದು ರಕ್ತದಿಂದ. ಅದನ್ನು ಯಜ್ಞವೇದಿಯ ಸುತ್ತಲೂ ಎರಚಿ, ಬೆಂಕಿ ಸರಿಮಾಡಿ, ಕಟ್ಟಿಗೆ ಜೋಡಿಸಿ, ಮಾಂಸದ ತುಂಡು, ತಲೆ, ಕೊಬ್ಬನ್ನು ಅದರ ಮೇಲೆ ಕ್ರಮವಾಗಿ ಇಡುತ್ತಾನೆ. ಕರುಳನ್ನೂ ಕಾಲುಗಳನ್ನೂ ನೀರಿನಲ್ಲಿ ತೊಳೆದೇ ಇಡಬೇಕು. ಚರ್ಮ ಯಾಜಕನಿಗೆ ಸಲ್ಲುತ್ತದೆ. ಉಳಿದದ್ದೆಲ್ಲ ಹೊಗೆಯಾಗಿ ಮೇಲೇರುತ್ತದೆ.

ಕೊಯ್ಯುವುದು ಯಾಜಕನ ಕೆಲಸವಾಗಿರಲಿಲ್ಲ ಎಂಬುದನ್ನು ಗಮನಿಸಿ. ಕ್ರಿ.ಶ. 200ರ ಸುಮಾರಿಗೆ ಸಂಗ್ರಹವಾದ ಯೆಹೂದ್ಯರ ಮಿಶ್ನಾ, ಎಂದರೆ ಬಾಯಿಮಾತಿನಲ್ಲಿ ಬಂದ ಧರ್ಮನಿಯಮಗಳ ಸಂಗ್ರಹ, ಇದನ್ನು ನಿಯಮವಾಗಿಯೇ ಹೇಳುತ್ತದೆ: ಯಾಜಕನಲ್ಲದವನು ಕೊಯ್ದರೂ ಯಜ್ಞ ಸಿಂಧು; ರಕ್ತವನ್ನು ಪಾತ್ರೆಗೆ ಹಿಡಿಯುವಲ್ಲಿಂದ ಮುಂದಕ್ಕೆ ಮಾತ್ರ ಯಾಜಕನೇ ಆಗಬೇಕು. ಯಜ್ಞದ ತಿರುಳು ಪ್ರಾಣಿಯ ಸಾವಿನಲ್ಲೇ ಇದ್ದಿದ್ದರೆ ಆ ಘಳಿಗೆಯನ್ನು ಯಾರ ಕೈಗೆ ಬೇಕಾದರೂ ಬಿಡುತ್ತಿರಲಿಲ್ಲ. ಹದಿನೇಳನೆಯ ಅಧ್ಯಾಯದ ಹನ್ನೊಂದನೆಯ ವಚನದ ಪ್ರಕಾರ ಪ್ರಾಣವಿರುವುದು ರಕ್ತದಲ್ಲಿ, ಆ ಪ್ರಾಣವನ್ನೇ ದೇವರು ವೇದಿಯ ಮೇಲೆ ದೋಷಪರಿಹಾರಕ್ಕೆಂದು ಕೊಟ್ಟಿದ್ದಾನೆ. ಪ್ರಾಣಿಯನ್ನು ಶಿಕ್ಷಿಸುವ, ಹಿಂಸಿಸುವ ಒಂದು ಮಾತೂ ಈ ಅಧ್ಯಾಯಗಳಲ್ಲಿ ಇಲ್ಲ. ಜೀವ ದೇವರ ಸನ್ನಿಧಿಗೆ ತಲುಪಬೇಕು. ಇಬ್ರಿಯರ ಪತ್ರಿಕೆಯ ಒಂಬತ್ತನೆಯ ಅಧ್ಯಾಯವೂ ಕ್ರಿಸ್ತನ ಮರಣದ ಬಳಿ ನಿಲ್ಲದೆ, ಆತನು ತನ್ನ ರಕ್ತದೊಂದಿಗೆ ಪರಲೋಕದ ಪವಿತ್ರಸ್ಥಾನವನ್ನು ಪ್ರವೇಶಿಸಿದ್ದರ ಕಡೆಗೆ ಸಾಗುವುದು ಇದೇ ಕಾರಣಕ್ಕೆ.

ನಮ್ಮ ಪ್ರಸಂಗಗಳಲ್ಲಿ ಇನ್ನೊಂದು ಮಾತು ಬಹಳ ಸಲೀಸಾಗಿ ಬರುತ್ತದೆ: ‘ಪಾಪಿ ಕೈ ಇಟ್ಟ, ಪಾಪ ಪಶುವಿಗೆ ದಾಟಿತು, ಪಶು ಸತ್ತಿತು.’ ಗ್ರಂಥಪಾಠವನ್ನು ಇಟ್ಟುಕೊಂಡು ಇದನ್ನು ಪರೀಕ್ಷಿಸಿ. ಪಾಪ ಪಶುವಿನೊಳಗೆ ಸೇರಿದ್ದರೆ ಅದರ ಮಾಂಸ ಅಶುದ್ಧವಾಗಬೇಕಿತ್ತು. ಆದರೆ ಸಾಮಾನ್ಯ ಜನರು ತಮ್ಮ ಪಾಪಕ್ಕಾಗಿ ತರುವ ದೋಷಪರಿಹಾರಕ ಯಜ್ಞದ ಮಾಂಸವನ್ನು ಆರನೆಯ ಅಧ್ಯಾಯ ಅತಿಪರಿಶುದ್ಧ ಎನ್ನುತ್ತದೆ. ಯಾಜಕರು ಅದನ್ನು ಪವಿತ್ರಸ್ಥಳದಲ್ಲೇ ಕೂತು ಉಣ್ಣಬೇಕು. ಎರಡೂ ಕೈ ಇಟ್ಟು, ಪಾಪಗಳನ್ನು ಬಾಯಿಬಿಟ್ಟು ಅರಿಕೆಮಾಡಿ, ಅವನ್ನು ಪ್ರಾಣಿಯ ತಲೆಯ ಮೇಲೆ ಹೊರಿಸುವುದು ಒಂದೇ ಕಡೆ: ಹದಿನಾರನೆಯ ಅಧ್ಯಾಯದ ದೋಷಪರಿಹಾರಕ ದಿನದಂದು, ಅರಣ್ಯದ ‘ಅಜಾಜೇಲ’ ಎಂಬವನ ಪಾಲಿಗೆ ಚೀಟು ಬಿದ್ದ ಹೋತದ ಮೇಲೆ. ಆ ಹೋತವನ್ನು ಕೊಯ್ಯುವುದಿಲ್ಲ, ವೇದಿಯ ಮೇಲೆ ಇಡುವುದಿಲ್ಲ, ಜೀವಂತವಾಗಿ ಅರಣ್ಯಕ್ಕೆ ಅಟ್ಟುತ್ತಾರೆ. ಉಳಿದ ಯಜ್ಞಗಳಲ್ಲಿ ಒಂದೇ ಕೈ ಊರುವುದನ್ನು ‘ಇದು ನನ್ನದು, ನಾನೇ ತಂದದ್ದು’ ಎಂಬ ಘೋಷಣೆಯಾಗಿ ಓದುವುದೇ ಹೆಚ್ಚು ಸರಿ. ಕ್ರಿಸ್ತನು ನಮ್ಮ ಪಾಪ ಹೊತ್ತನೆಂಬ ಸತ್ಯಕ್ಕೆ ಇದರಿಂದ ಧಕ್ಕೆಯೇನೂ ಇಲ್ಲ. ಯೆಶಾಯನ 53ನೆಯ ಅಧ್ಯಾಯ ಅದಕ್ಕೆ ಗಟ್ಟಿ ಆಧಾರ. ಆದರೆ ಎಲ್ಲ ಯಜ್ಞವನ್ನೂ ಆ ಒಂದೇ ಅಚ್ಚಿಗೆ ತುರುಕಿದಾಗ ಉಳಿದವು ಕಲಿಸುವುದನ್ನು ಕಳೆದುಕೊಳ್ಳುತ್ತೇವೆ.

ಉದಾಹರಣೆಗೆ ಎರಡನೆಯ ಅಧ್ಯಾಯದ ಧಾನ್ಯನೈವೇದ್ಯ. ಇಲ್ಲಿ ರಕ್ತವೇ ಇಲ್ಲ. ನಯವಾದ ಗೋದಿಹಿಟ್ಟು, ಎಣ್ಣೆ, ಧೂಪ. ಹಿಟ್ಟಾಗಿಯೇ ತರಬಹುದು, ಒಲೆಯಲ್ಲಿ ಸುಟ್ಟೋ ಕಾವಲಿಯ ಮೇಲೆ ಬೇಯಿಸಿಯೋ ಬಾಣಲೆಯಲ್ಲಿ ಮಾಡಿಯೋ ತರಬಹುದು. ಹುಳಿಹಿಟ್ಟೂ ಜೇನೂ ಬೆಂಕಿಗೆ ಹೋಗಕೂಡದು. ಉಪ್ಪಿಲ್ಲದೆ ಏನೂ ಹೋಗಕೂಡದು. ಯಾಜಕ ಒಂದು ಹಿಡಿ ಹಿಟ್ಟು ತೆಗೆದು, ಧೂಪವನ್ನು ಪೂರ್ತಿಯಾಗಿ ಸೇರಿಸಿ ಹೋಮಮಾಡುತ್ತಾನೆ. ಉಳಿದ ಹಿಟ್ಟು ಯಾಜಕರ ಪಾಲು.

ಆ ಒಂದು ಹಿಡಿಯನ್ನು ತೆಗೆಯುವ ಬಗೆಯನ್ನು ಮಿಶ್ನಾ ಬೆರಳಿನ ಲೆಕ್ಕದಲ್ಲಿ ಹೇಳುತ್ತದೆ. ಬೆರಳುಗಳು ಅಂಗೈಯ ಮೇಲೆ ಮಡಚಿ ಕೂರಬೇಕು; ಹಿಟ್ಟು ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಹಿಡಿಯೊಳಗೆ ಒಂದು ಕಲ್ಲಿನ ಹರಳು, ಉಪ್ಪಿನ ಕಣ ಅಥವಾ ಧೂಪದ ಚೂರು ಸೇರಿಬಂದರೂ ಆ ಹಿಡಿ ಅಸಿಂಧು. ಹರಳು ಕೂತಷ್ಟು ಜಾಗದಲ್ಲಿ ಹಿಟ್ಟು ಕಡಿಮೆಯಾಯಿತಲ್ಲ! ಇಷ್ಟು ಬಿಗಿ ಯಾಕೆ ಎಂದರೆ, ಅಳೆಯುವವನು ಮತ್ತು ಮಿಕ್ಕದ್ದನ್ನು ಉಣ್ಣುವವನು ಇಬ್ಬರೂ ಒಬ್ಬನೇ ಎಂಬುದೇ ನಮಗೆ ತೋರುವ ಕಾರಣ. ವೇದಿಗೆ ಕಡಿಮೆ ಹೋದಷ್ಟೂ ಅವನ ತಟ್ಟೆಗೆ ಹೆಚ್ಚು. ಇದು ಕೆಟ್ಟಾಗ ಏನಾಗುತ್ತದೆ ಎಂಬುದು ಸಮುವೇಲನ ಮೊದಲನೆಯ ಪುಸ್ತಕದ ಎರಡನೆಯ ಅಧ್ಯಾಯದಲ್ಲಿದೆ. ಶೀಲೋವಿನಲ್ಲಿ ಯಾಜಕ ಏಲಿಯ ಮಕ್ಕಳ ಆಳು ಮೂರು ಮುಳ್ಳಿನ ಕೊಂಡಿಯನ್ನು ಬೇಯುವ ಹಂಡೆಗೆ ಚುಚ್ಚಿ ಬಂದಷ್ಟನ್ನು ಎತ್ತಿಕೊಳ್ಳುತ್ತಿದ್ದ. ಕೊಬ್ಬನ್ನು ಹೋಮಮಾಡುವುದಕ್ಕೆ ಮುಂಚೆಯೇ ಹಸಿಮಾಂಸ ಕೇಳುತ್ತಿದ್ದ, ಕೊಡದಿದ್ದರೆ ಬಲವಂತದಿಂದ ಕಿತ್ತುಕೊಳ್ಳುವೆನೆನ್ನುತ್ತಿದ್ದ. ಪರಿಣಾಮವಾಗಿ ಯೆಹೋವನ ನೈವೇದ್ಯವೇ ತಿರಸ್ಕಾರಕ್ಕೆ ಗುರಿಯಾಯಿತು. ಕ್ರೈಸ್ತ ಸಭೆಯ ಹಣ ಮುಟ್ಟುವ ಎಲ್ಲರಿಗೂ ಇದು ನೇರವಾಗಿ ಅನ್ವಯಿಸುತ್ತದೆ. ಕಾಣಿಕೆಯನ್ನು ಒಬ್ಬರೇ ಎಣಿಸಬಾರದು. ಇಬ್ಬರು ಕೂತು ಎಣಿಸಿ, ಇಬ್ಬರೂ ಅಲ್ಲೇ ಸಹಿಹಾಕಿ, ಆಮೇಲೆಯೇ ಪೆಟ್ಟಿಗೆ ಏಳಬೇಕು. ಯೆರೂಸಲೇಮಿನ ಬಡವರಿಗೆಂದು ಕೂಡಿಸಿದ ಹಣವನ್ನು ಪೌಲ ಒಂಟಿಯಾಗಿ ನಿರ್ವಹಿಸದೆ, ಜೊತೆಗೆ ಸಹೋದರರನ್ನು ಕಳಿಸಿದ. ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕೆಂದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ಬರೆದ.

ಕಾಣಿಕೆ ಕೊಡುವವನ ಕೈಲಾದಷ್ಟನ್ನೇ ಕೇಳುವುದು ಈ ವ್ಯವಸ್ಥೆಯ ಇನ್ನೊಂದು ಗುಣ. ದೋಷಪರಿಹಾರಕ ಯಜ್ಞಕ್ಕೆ ಮಹಾಯಾಜಕನು ಹೋರಿ ತರಬೇಕು, ಅಧಿಪತಿ ಹೋತ ತರಬೇಕು, ಸಾಮಾನ್ಯನು ಹೆಣ್ಣುಮೇಕೆ ಅಥವಾ ಹೆಣ್ಣುಕುರಿ ತರಬೇಕು. ಸ್ಥಾನ ದೊಡ್ಡದಾದಷ್ಟೂ ಪಾಪದ ಬೆಲೆ ದೊಡ್ಡದು. ಯಾಜಕನ ಪಾಪದಲ್ಲಿ ರಕ್ತವನ್ನು ಗುಡಾರದ ಒಳಕ್ಕೇ ಒಯ್ದು ತೆರೆಯ ಮುಂದೆ ಏಳು ಸಾರಿ ಚಿಮುಕಿಸಬೇಕಾಗುತ್ತಿತ್ತು. ಐದನೆಯ ಅಧ್ಯಾಯ ಹೆಸರಿಸುವ ಕೆಲವು ಪಾಪಗಳಿಗೆ ಕುರಿ ತರಲಾಗದವನು ಎರಡು ಬೆಳವಕ್ಕಿ ಅಥವಾ ಎರಡು ಪಾರಿವಾಳದ ಮರಿ ತಂದರೆ ಸಾಕು. ಅದಕ್ಕೂ ಗತಿಯಿಲ್ಲದವನಿಗೆ ಏಫಾದ ಹತ್ತನೆಯ ಒಂದು ಪಾಲು ಗೋದಿಹಿಟ್ಟು, ಎಂದರೆ ಸುಮಾರು ಎರಡು ಲೀಟರು. ಎಣ್ಣೆ ಬೇಡ, ಧೂಪ ಬೇಡ. ಹಿಟ್ಟಿನಿಂದಲೂ ಕ್ಷಮೆಯಾಗುತ್ತದೆ! ರಕ್ತವಿಲ್ಲದೆ ಕ್ಷಮೆಯಿಲ್ಲ ಎನ್ನುವ ಇಬ್ರಿಯ 9:22 ಆ ವಚನದ ಆರಂಭದಲ್ಲೇ ‘ಬಹುಮಟ್ಟಿಗೆ’ ಎಂಬ ಮಿತಿ ಇಟ್ಟಿರುವುದು ಈ ಬಡವನ ಹಿಟ್ಟಿಗೂ ಹೊಂದುತ್ತದೆ. ಹೆರಿಗೆಯಾದವಳ ಶುದ್ಧೀಕರಣಕ್ಕೂ ಇಂಥದೇ ರಿಯಾಯಿತಿ ಇತ್ತು: ಕುರಿಮರಿ ತರುವ ಶಕ್ತಿಯಿಲ್ಲದಿದ್ದರೆ ಎರಡು ಹಕ್ಕಿ. ಮರಿಯಳೂ ಯೋಸೇಫನೂ ದೇವಾಲಯಕ್ಕೆ ತಂದದ್ದು ಆ ಹಕ್ಕಿಗಳನ್ನು. ಅವರು ಬಡವರಾಗಿದ್ದರೆಂಬುದನ್ನು ಲೂಕ ಬೇರೆ ಮಾತಿನಲ್ಲಿ ಹೇಳುವುದೇ ಇಲ್ಲ; ಯಾಜಕಕಾಂಡ ಬಲ್ಲವರಿಗೆ ಅದೇ ಸಾಕಾಗಿತ್ತು. ಒಂದನೆಯ ಅಧ್ಯಾಯದಲ್ಲಿ ಹೋರಿಗೂ ಕುರಿಗೂ ಹಕ್ಕಿಗೂ ಒಂದೇ ಮಾತು: ಯೆಹೋವನಿಗೆ ಸುವಾಸನೆ. ಕಾಣಿಕೆಯ ಮೊತ್ತವನ್ನು ಹೆಸರಿನ ಸಮೇತ ಓದಿ ಹೇಳುವ ಸಭೆಗಳು ಈ ವಚನಗಳ ಮುಂದೆ ಕೊಂಚ ನಿಲ್ಲಬೇಕು.

ಸಮಾಧಾನಯಜ್ಞ ಊಟದ ಯಜ್ಞ. ಹೊಟ್ಟೆಯ ಕೊಬ್ಬು, ಎರಡು ಮೂತ್ರಪಿಂಡ, ಕುರಿಯಾದರೆ ಅದರ ಕೊಬ್ಬಿದ ಬಾಲ, ಇಂಥವು ವೇದಿಗೆ. ಎದೆಯ ಭಾಗ ಯಾಜಕರಿಗೆ, ಬಲದೊಡೆ ಆ ದಿನ ರಕ್ತ ಸಮರ್ಪಿಸಿದ ಯಾಜಕನಿಗೆ. ಮಿಕ್ಕ ಮಾಂಸವೆಲ್ಲ ತಂದವನ ಮನೆಯವರಿಗೆ. ಇದಕ್ಕೊಂದು ಗಡುವಿತ್ತು. ಕೃತಜ್ಞತೆಗೆಂದು ತಂದದ್ದನ್ನು ಅದೇ ದಿನ ಉಂಡು ಮುಗಿಸಬೇಕು, ಬೆಳಗಿನವರೆಗೆ ಏನೂ ಉಳಿಯಕೂಡದು. ಹರಕೆಯದ್ದೋ ಮನಸಾರೆ ಕೊಟ್ಟದ್ದೋ ಆದರೆ ಮರುದಿನದವರೆಗೂ ಇಡಬಹುದು. ಮೂರನೆಯ ದಿನಕ್ಕೆ ಉಳಿದದ್ದನ್ನು ಸುಡಬೇಕು. ಅದನ್ನು ತಿಂದರೆ ಯಜ್ಞವೇ ಲೆಕ್ಕಕ್ಕೆ ಬಾರದು. ಮಾಂಸ ಕೆಡುತ್ತದೆ ಎಂಬುದು ಒಂದು ಕಾರಣವಿರಬಹುದು. ಆದರೆ ಒಂದು ಹೋರಿಯ ಮಾಂಸವನ್ನು ಒಂದು ಮನೆಯವರು ಒಂದೇ ದಿನದಲ್ಲಿ ತಿಂದು ಮುಗಿಸಲಾರರು. ಕರೆಯಲೇಬೇಕು. ಧರ್ಮೋಪದೇಶಕಾಂಡದ ಹನ್ನೆರಡನೆಯ ಅಧ್ಯಾಯ ಯಾರು ಕೂರಬೇಕೆಂದೂ ಹೇಳುತ್ತದೆ: ಗಂಡುಮಕ್ಕಳು, ಹೆಣ್ಣುಮಕ್ಕಳು, ದಾಸದಾಸಿಯರು, ಊರಲ್ಲಿರುವ ಲೇವಿಯ, ಎಂದರೆ ಸ್ವಂತ ಜಮೀನಿಲ್ಲದ ದೇವಸೇವೆಯ ಕುಲದವನು. ಇಪ್ಪತ್ತೆರಡನೆಯ ಕೀರ್ತನೆಯಲ್ಲಿ ಹರಕೆ ಸಲ್ಲಿಸಿದ ಬೆನ್ನಿಗೇ ದೀನರು ಉಂಡು ತೃಪ್ತರಾಗುತ್ತಾರೆ.

ಕೊರಿಂಥದಲ್ಲಿ ಕೆಟ್ಟದ್ದು ಸರಿಯಾಗಿ ಇದೇ. ಕರ್ತನ ಭೋಜನಕ್ಕೆ ಉಳ್ಳವರು ಮೊದಲೇ ಬಂದು ತಮ್ಮದನ್ನು ತಾವು ಉಂಡುಬಿಡುತ್ತಿದ್ದರು. ಒಬ್ಬ ಹಸಿದಿದ್ದರೆ ಇನ್ನೊಬ್ಬನಿಗೆ ಮತ್ತೇರಿರುತ್ತಿತ್ತು. ಪೌಲ ಅದನ್ನು ಶಿಷ್ಟಾಚಾರದ ಕೊರತೆ ಎನ್ನುವುದಿಲ್ಲ, ನೀವು ಉಣ್ಣುತ್ತಿರುವುದು ಕರ್ತನ ಭೋಜನವೇ ಅಲ್ಲ ಎನ್ನುತ್ತಾನೆ. ಬೆಳೆ ಹಬ್ಬದಂದು ನಮ್ಮ ಸಭೆಗಳಲ್ಲಿ ಬಾಳೆಗೊನೆ, ತೆಂಗು, ಕುಂಬಳ, ಹೊಸ ಅಕ್ಕಿ ತಂದು ವೇದಿಯ ಮುಂದೆ ಇಟ್ಟು, ಆರಾಧನೆಯ ನಂತರ ಹರಾಜು ಹಾಕುವ ರೂಢಿಯಿದೆ. ಹಣ ಸಭೆಯ ನಿಧಿಗೆ ಸೇರುವುದರಲ್ಲಿ ತಪ್ಪಿಲ್ಲ. ಆದರೆ ಧರ್ಮೋಪದೇಶಕಾಂಡ 26ರಲ್ಲಿ ಪ್ರಥಮಫಲದ ಪುಟ್ಟಿ ಇಳಿಸಿದವನು ಲೇವಿಯನನ್ನೂ ಪರದೇಶಿಯನ್ನೂ ಸೇರಿಸಿಕೊಂಡು ಹಬ್ಬ ಮಾಡಬೇಕಿತ್ತು. ಹರಾಜಿಗೆ ಮುನ್ನ ಒಂದು ಪಾಲು ತೆಗೆದಿಟ್ಟು ಅದೇ ಮಧ್ಯಾಹ್ನ ಎಲ್ಲರಿಗೂ ಅಡುಗೆ ಮಾಡಿ, ಹರಾಜಿನಲ್ಲಿ ಕೂಗಲಾಗದವರನ್ನು ಮೊದಲ ಪಂಕ್ತಿಗೆ ಕೂರಿಸುವುದು ಕಷ್ಟದ ಕೆಲಸವಲ್ಲ.

ಇನ್ನು ಪ್ರಾಯಶ್ಚಿತ್ತಯಜ್ಞ. ಈ ಉಪನ್ಯಾಸದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಯಾಜಕಕಾಂಡದ ಆರನೆಯ ಅಧ್ಯಾಯದ ಮೊದಲ ಏಳು ವಚನಗಳು. ಒಬ್ಬ ನೆರೆಯವನು ನಂಬಿ ಇಟ್ಟ ಒತ್ತೆಯನ್ನು ನುಂಗಿದ್ದಾನೆ, ಅಥವಾ ಕಿತ್ತುಕೊಂಡಿದ್ದಾನೆ, ಅಥವಾ ಸಿಕ್ಕ ವಸ್ತುವನ್ನು ಸಿಗಲೇ ಇಲ್ಲವೆಂದಿದ್ದಾನೆ, ಮೇಲಿಂದ ಸುಳ್ಳಾಣೆ ಇಟ್ಟಿದ್ದಾನೆ. ಇದು ತಿಳಿಯದೆ ಆದ ಪಾಪವಲ್ಲ, ಬೇಕೆಂದೇ ಮಾಡಿದ್ದು. ಬೇಕೆಂದು ಕೈಯೆತ್ತಿ ಮಾಡಿದ ಪಾಪಕ್ಕೆ ಅರಣ್ಯಕಾಂಡ 15 ಯಜ್ಞವನ್ನೇ ಹೇಳುವುದಿಲ್ಲ. ಆದರೂ ಇಲ್ಲಿ ಒಂದು ಬಾಗಿಲು ತೆರೆದಿದೆ, ಮತ್ತು ಅದರ ಕ್ರಮ ಬಹಳ ಖಚಿತ. ಅರಣ್ಯಕಾಂಡ 5ರ ಪ್ರಕಾರ ಅವನು ಮೊದಲು ಮಾಡಿದ್ದನ್ನು ಅರಿಕೆಮಾಡಬೇಕು. ತೆಗೆದುಕೊಂಡದ್ದನ್ನು ಪೂರ್ತಿ ಹಿಂದಿರುಗಿಸಬೇಕು. ಅದರ ಮೇಲೆ ಐದನೆಯ ಒಂದು ಪಾಲು ಸೇರಿಸಬೇಕು. ಇದು ಹೋಗಬೇಕಾದದ್ದು ದೇವಾಲಯಕ್ಕಲ್ಲ, ಒಡೆಯನ ಕೈಗೆ, ಯಜ್ಞ ತರುವ ದಿನವೇ. ಅದಾದ ಮೇಲೆ ಊನವಿಲ್ಲದ ಟಗರು. ಯಾಜಕ ದೋಷಪರಿಹಾರ ಮಾಡುತ್ತಾನೆ, ಕ್ಷಮೆಯಾಗುತ್ತದೆ.

ಇಂದಿನ ಲೆಕ್ಕದಲ್ಲಿ ಹತ್ತು ಸಾವಿರ ರೂಪಾಯಿ ನುಂಗಿದ್ದರೆ ಕೊಡಬೇಕಾದದ್ದು ಹನ್ನೆರಡು ಸಾವಿರ. ಇದನ್ನು ವಿಮೋಚನಕಾಂಡ 22ರ ಪಕ್ಕದಲ್ಲಿ ಇಡಿ. ಸಿಕ್ಕಿಬಿದ್ದ ಕಳ್ಳನ ಬಳಿ ಕದ್ದ ಪಶು ಜೀವಂತವಾಗಿದ್ದರೆ ಎರಡರಷ್ಟು, ಕುರಿಯನ್ನು ಕೊಯ್ದೋ ಮಾರಿಯೋ ಇದ್ದರೆ ನಾಲ್ಕರಷ್ಟು, ಎತ್ತಾದರೆ ಐದರಷ್ಟು. ತಾನಾಗಿಯೇ ಬಂದು ಒಪ್ಪಿಕೊಂಡವನಿಗೆ ಐದನೆಯ ಒಂದು ಪಾಲು ಮಾತ್ರ ಹೆಚ್ಚು. ಹೊರಬರುವ ದಾರಿಯನ್ನು ದೇವರು ಅಗ್ಗವಾಗಿಸಿದ್ದಾನೆ, ಪುಕ್ಕಟೆ ಮಾಡಿಲ್ಲ. ಯೆರಿಕೋವಿನ ಸುಂಕದವನಾದ ಜಕ್ಕಾಯ ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುವೆನೆಂದಾಗ, ಒಪ್ಪಿಕೊಂಡವನ ರಿಯಾಯಿತಿಯನ್ನು ಬಿಟ್ಟು ಕಳ್ಳನ ದಂಡವನ್ನೇ ತನ್ನ ತಲೆಗೆ ಹಾಕಿಕೊಂಡ. ಈ ಮನೆಗೆ ಈಹೊತ್ತು ರಕ್ಷಣೆಯಾಯಿತೆಂದು ಯೇಸು ಹೇಳಿದ್ದು ಆ ಮಾತಿನ ನಂತರ.

ಯೆಶಾಯ 53:10 ಬಾಧೆಪಟ್ಟ ಸೇವಕನ ಪ್ರಾಣವನ್ನು ಯಾವ ಯಜ್ಞವೆನ್ನುತ್ತದೆ? ಸರ್ವಾಂಗಹೋಮವಲ್ಲ, ದೋಷಪರಿಹಾರಕ ಯಜ್ಞವೂ ಅಲ್ಲ, ಈ ಪ್ರಾಯಶ್ಚಿತ್ತಯಜ್ಞ. ನೆರೆಯವನ ಸಾಲ ತೀರಿಸಿಯೇ ತರಬೇಕಾಗಿದ್ದ ಯಜ್ಞ. ‘ಯೇಸು ಎಲ್ಲ ತೀರಿಸಿದ’ ಎಂದು ನಾವು ಹಾಡುತ್ತೇವೆ. ಟಗರಿನ ಜಾಗದಲ್ಲಿ ಆತನು ನಿಂತನು, ಅದು ಪೂರ್ಣ ಸತ್ಯ. ಆದರೆ ಒಡೆಯನ ಕೈಗೆ ಹೋಗಬೇಕಾದ ಹನ್ನೆರಡು ಸಾವಿರ ಎಂದೂ ಟಗರಿನ ಭಾಗವಾಗಿರಲಿಲ್ಲ. ಅದು ಆಗಲೂ ಪಾಪ ಮಾಡಿದವನ ಹೆಗಲ ಮೇಲೆ ಇತ್ತು, ಈಗಲೂ ಇದೆ. ಕಾಣಿಕೆಯನ್ನು ವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಸಹೋದರನೊಂದಿಗೆ ಒಂದಾಗು ಎಂದು ಮತ್ತಾಯ 5ರಲ್ಲಿ ಯೇಸು ಹೇಳಿದ್ದು ಇದೇ ಕ್ರಮವನ್ನು. ಗಲಿಲಾಯದ ಶ್ರೋತೃಗಳಿಗೆ ಅದು ಹಗುರವಾದ ಮಾತಾಗಿರಲಿಲ್ಲ. ವೇದಿ ಇದ್ದದ್ದು ಯೆರೂಸಲೇಮಿನಲ್ಲಿ. ಹೋಗಿ ಬರುವುದೆಂದರೆ ದಿನಗಟ್ಟಲೆಯ ನಡಿಗೆ.

ಇದು ತಪ್ಪುವ ಜಾಗಗಳು ಎರಡು ಮೂರಿವೆ. ಒಂದು, ದೇವರ ಮುಂದೆ ಅತ್ತು ಎದ್ದುಬರುವುದು, ನಷ್ಟವಾದವನಿಗೆ ಸುದ್ದಿಯೇ ಇರುವುದಿಲ್ಲ. ಎರಡು, ‘ಏನಾದರೂ ತಪ್ಪಾಗಿದ್ದರೆ ಕ್ಷಮಿಸಿ’ ಎಂಬ ಅರಿಕೆ. ಯಾಜಕಕಾಂಡ 5:5 ಯಾವ ವಿಷಯದಲ್ಲಿ ಪಾಪ ಮಾಡಿದನೋ ಅದನ್ನೇ ಹೇಳಬೇಕೆನ್ನುತ್ತದೆ. ಯಾರ ಹಣ, ಎಷ್ಟು, ಯಾವಾಗ, ಏನು ಸುಳ್ಳು ಹೇಳಿದೆ ಎಂಬುದು ಬಾಯಿಂದ ಬರಬೇಕು. ಬರದಿದ್ದರೆ ಹಿಂದಿರುಗಿಸುವ ಮೊತ್ತವೂ ಗೊತ್ತಾಗುವುದಿಲ್ಲ. ಮೂರನೆಯದು ಎಲ್ಲಕ್ಕಿಂತ ಅಪಾಯದ್ದು: ತಮ್ಮನ ಪಾಲಿನ ಜಮೀನು ಬರೆಸಿಕೊಂಡು ಸಭೆಗೆ ಗಂಟೆಗೋಪುರ ಕಟ್ಟಿಸಿಕೊಡುವುದು. ಆಮೋಸ 5, ಯೆಶಾಯ 1, ಮೀಕ 6 ಖಂಡಿಸುವುದು ಇದನ್ನೇ. ಆ ಪ್ರವಾದಿಗಳು ಯಜ್ಞವನ್ನೇ ಬೇಡವೆಂದರು ಎಂದು ಓದುವುದು ಅವಸರದ ಓದು. ದೀನರ ನ್ಯಾಯವನ್ನು ಹಾರಿ ನೇರ ವೇದಿಗೆ ಬಂದವರನ್ನು ಅವರು ತಡೆದರು. ಇಂಥ ದಾನವನ್ನು ಸಭೆ ಸ್ವೀಕರಿಸದೆ, ಮೊದಲು ತಮ್ಮನ ಬಳಿಗೆ ಕಳಿಸಬೇಕು. ಹಾಗೆ ಹೇಳುವ ಎದೆಗಾರಿಕೆ ಪಾಸ್ಟರರಿಗೂ ಸಭೆಯ ಪಂಚಾಯತ್ತಿಗೂ ಇರಬೇಕು.

ನಿತ್ಯಹೋಮದ ಬಗ್ಗೆ ಎರಡೇ ಮಾತು. ಬೆಳಿಗ್ಗೆ ಒಂದು ಕುರಿಮರಿ, ಸಂಜೆ ಒಂದು. ಒಂದೊಂದರ ಜೊತೆಗೂ ಕಾಲು ಹಿನ್ (ಸುಮಾರು ಒಂದು ಲೀಟರು) ಎಣ್ಣೆ ಬೆರೆಸಿದ ಹಿಟ್ಟು. ಬೆಂಕಿ ಆರಕೂಡದು. ಅದಕ್ಕಾಗಿ ಯಾಜಕ ಪ್ರತಿ ಬೆಳಿಗ್ಗೆ ಮೊದಲು ಮಾಡುತ್ತಿದ್ದದ್ದು ಬೂದಿ ತೆಗೆಯುವ ಕೆಲಸ: ನಾರುಬಟ್ಟೆ ಉಟ್ಟು ಬೂದಿಯನ್ನು ವೇದಿಯ ಪಕ್ಕಕ್ಕೆ ಎಳೆದು, ಬಟ್ಟೆ ಬದಲಾಯಿಸಿ, ಪಾಳೆಯದ ಹೊರಗಿನ ಶುದ್ಧ ಸ್ಥಳಕ್ಕೆ ಒಯ್ಯುವುದು. ಬೂದಿ ಕೂತರೆ ಗಾಳಿಯಾಡದೆ ಬೆಂಕಿ ಸಾಯುತ್ತದೆ. ಪ್ರತಿದಿನದ ಪ್ರಾರ್ಥನೆಯೂ ನಿನ್ನೆಯದನ್ನು ತೆಗೆದು ಹೊರಹಾಕುವುದರಿಂದಲೇ ಶುರುವಾಗಬೇಕು, ಬೇಡಿಕೆಗಳಿಂದಲ್ಲ.

ಕ್ರಿ.ಶ. 70ರಲ್ಲಿ ರೋಮಿನ ಸೈನ್ಯ ದೇವಾಲಯವನ್ನು ಸುಟ್ಟಾಗ ಯೆರೂಸಲೇಮಿನ ವೇದಿ ನಿಂತುಹೋಯಿತು. ಯಜ್ಞದ ಭಾಷೆ ನಿಲ್ಲಲಿಲ್ಲ. ಎಪಫ್ರೊದೀತನ ಕೈಲಿ ಫಿಲಿಪ್ಪಿಯವರು ಕಳಿಸಿದ ಸಹಾಯವನ್ನು ಪೌಲ ಅದಕ್ಕೂ ಮುಂಚೆಯೇ ಸುಗಂಧವಾಸನೆ ಎಂದಿದ್ದ. ಇಬ್ರಿಯರ ಪತ್ರಿಕೆಯ ಕೊನೆಯ ಅಧ್ಯಾಯ ಸ್ತೋತ್ರವನ್ನೂ, ಪರೋಪಕಾರವನ್ನೂ, ಇದ್ದದ್ದನ್ನು ಹಂಚಿಕೊಳ್ಳುವುದನ್ನೂ ದೇವರು ಮೆಚ್ಚುವ ಯಜ್ಞಗಳೆಂದು ಕರೆಯುತ್ತದೆ.

ಮರಳಿಸಲು ಹೊರಟವರಿಗೆ ಎದುರಾಗುವ ತೊಡಕುಗಳಿಗೂ ಗ್ರಂಥದಲ್ಲಿ ದಾರಿಯಿದೆ. ಮೋಸಹೋದವನು ತೀರಿಕೊಂಡಿದ್ದರೆ? ಅರಣ್ಯಕಾಂಡ 5:8 ಅದನ್ನು ಮುಂಚೆಯೇ ಯೋಚಿಸಿದೆ: ಹತ್ತಿರದ ಸಂಬಂಧಿಗೆ ಕೊಡಬೇಕು, ಸಂಬಂಧಿಯೂ ಇಲ್ಲದಿದ್ದರೆ ಯೆಹೋವನಿಗೆ, ಎಂದರೆ ಯಾಜಕನಿಗೆ. ಆದ್ದರಿಂದ ಮೊದಲು ವಾರಸುದಾರರನ್ನು ಹುಡುಕಿ. ಯಾರೂ ಸಿಗದಿದ್ದರೆ ಅಸಲು ಮತ್ತು ಐದನೆಯ ಒಂದು ಪಾಲನ್ನು ಸಭೆಯ ಬಡವರ ನಿಧಿಗೆ ಹೆಸರಿಲ್ಲದೆ ಸಲ್ಲಿಸಿ. ಅದನ್ನು ನಿಮ್ಮ ದಶಮಾಂಶದಲ್ಲಿ ಸೇರಿಸಬೇಡಿ, ಅದು ನಿಮ್ಮ ಹಣವಲ್ಲ. ಒಂದೇ ಸಲ ಕೊಡಲಾಗದಿದ್ದರೆ ಒಡೆಯನ ಬಳಿ ಹೋಗಿ ಪೂರ್ತಿ ಮೊತ್ತವನ್ನು ಒಪ್ಪಿಕೊಂಡು ಬರವಣಿಗೆಯಲ್ಲಿ ಕಂತು ಗೊತ್ತುಮಾಡಿ. ಅವನು ‘ಅಸಲು ಸಾಕು, ಉಳಿದದ್ದು ಬೇಡ’ ಎಂದರೆ ಅದು ಅವನ ಔದಾರ್ಯ. ಆದರೂ ಐದನೆಯ ಪಾಲನ್ನು ಕೈಯಲ್ಲಿ ಹಿಡಿದೇ ಹೋಗಿ.